ಕಿವಿಗೊಂದು ಪುಟ್ಟ ಕೊಳವೆ



ಇವತ್ತಿನ ಮಾತು ಶುರು ಮಾಡುವ ಮೊದಲು ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಎರಡು ತೋರುಬೆರಳುಗಳಿಂದ ಎರಡೂ ಕಿವಿಗಳನ್ನು ಒತ್ತಿ ಮುಚ್ಚಿಕೊಳ್ಳಿ. ಮನೆಯವರು ಅವರ ಪಾಡಿಗೆ ಮಾತಾಡಲಿ. ಮಾತು ಬರುತ್ತಿದೆ ಎಂದು ಗೊತ್ತಾಗುತ್ತದೆ, ಆದರೆ ಏನು ಮಾತು ಎಂದು ಪೂರ್ತಿ ತಿಳಿಯುವುದಿಲ್ಲ, ಅಲ್ಲವೇ? ಬಾಗಿಲು ಧಡಾರನೆ ಬಡಿದರೆ ಕೇಳುತ್ತದೆ. ಅಡುಗೆಮನೆಯಿಂದ ಅಮ್ಮ ಮೆಲ್ಲಗೆ ಕರೆದರೆ ಕೇಳುವುದಿಲ್ಲ. ಈಗ ಬೆರಳು ತೆಗೆಯಿರಿ.

ನೀವು ಹೀಗೆ ಅರ್ಧ ನಿಮಿಷ ಇದ್ದಿರಿ. ಹೀಗೆಯೇ ಎಷ್ಟೋ ತಿಂಗಳು ಇದ್ದ ನಾಲ್ಕು ವರ್ಷದ ಒಬ್ಬ ಹುಡುಗನ ವಿಷಯ ಇದು. ಅವನು ನನ್ನ ಮಗ. ಈಗ ಅವನಿಗೆ ಹದಿನೇಳು. "ನಿನ್ನ ಕತೆ ರೇಡಿಯೊದಲ್ಲಿ ಹೇಳಲೇನೋ?" ಎಂದು ಕೇಳಿದೆ. "ಹೇಳಮ್ಮ, ನೀನು ಕಿವಿ ಹಿಂಡಿದ್ದನ್ನೂ ಸೇರಿಸಿ ಹೇಳು" ಎಂದ. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ಬುಸೈತೀನ್ ಎಲ್ಲಿದೆ ಎಂದು ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಬಹರೈನ್ ವಿಮಾನ ನಿಲ್ದಾಣ ಇರುವ ಮುಹರ್ರಕ್ ದ್ವೀಪದಲ್ಲೇ ನಮ್ಮ ಊರು. ವಿಮಾನದ ಸದ್ದು ನಮಗೆ ಕಾಗೆಯ ಸದ್ದಿನಷ್ಟೇ ಮಾಮೂಲು. ನನ್ನ ಮಗ ವಿಮಾನದ ಸದ್ದಾದರೆ ಸಾಕು, ಬಾಲ್ಕನಿಗೆ ಓಡುತ್ತಿದ್ದ. ಆದರೆ "ಊಟಕ್ಕೆ ಬಾರೋ" ಎಂದು ನಾಲ್ಕು ಸಲ ಕರೆದರೂ ತಿರುಗುತ್ತಿರಲಿಲ್ಲ. ಟಿವಿಯ ವಾಲ್ಯೂಮ್ ದಿನದಿನಕ್ಕೂ ಏರುತ್ತಿತ್ತು. ಮಾತಿಗೆ ಮುಂಚೆ "ಹಾಂ? ಹಾಂ?" ಎನ್ನುತ್ತಿದ್ದ. ನಾನೇನು ಲೆಕ್ಕ ಹಾಕಿದೆ ಗೊತ್ತೇ? ಆಕಾಶದ ವಿಮಾನ ಕೇಳುತ್ತದೆ, ಹತ್ತು ಅಡಿ ದೂರದ ಅಮ್ಮನ ಮಾತು ಕೇಳುವುದಿಲ್ಲ ಎಂದರೆ ಇದು ಕಿವಿಯ ದೋಷವಲ್ಲ, ಹಟ. ಒಂದು ಸಂಜೆ ತಾಳ್ಮೆ ತಪ್ಪಿ ಕಿವಿ ಹಿಂಡಿಯೇ ಬಿಟ್ಟೆ. ಅವನು ಅಳುತ್ತಾ, "ಯಾಕಮ್ಮ?" ಎಂದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ತಪ್ಪಿದ್ದದ್ದು ನನ್ನ ಲೆಕ್ಕದಲ್ಲಿ. ಅದು ಹೇಗೆ ಎಂದು ತಿಳಿಯಬೇಕಾದರೆ ಕಿವಿಯೊಳಗೆ ಸ್ವಲ್ಪ ಇಣುಕಬೇಕು. ನಾನು ವೈದ್ಯೆಯಲ್ಲ, ಕನ್ನಡ ಎಂ.ಎ. ಓದಿ ಮನೆ ನೋಡಿಕೊಳ್ಳುತ್ತಿರುವವಳು. ಮಗನ ಹಿಂದೆ ಅಲೆದಾಡುತ್ತಾ ವೈದ್ಯರನ್ನು ಕೇಳಿ, ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮಗೆ ಹೇಳುತ್ತೇನೆ.

ಕಿವಿಯ ರಂಧ್ರದ ಕೊನೆಯಲ್ಲಿ ಒಂದು ತೆಳು ಪೊರೆ ಇದೆ. ಅದೇ ಕಿವಿತಮಟೆ. ಅಗಲ ಒಂದು ಸೆಂಟಿಮೀಟರಿನ ಆಸುಪಾಸು, ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರ ಹಿಂದೆ ಒಂದು ಪುಟ್ಟ ಕೋಣೆ, ಅದು ನಡುಗಿವಿ. ಆ ಕೋಣೆಯಲ್ಲಿ ಮೂರು ಮೂಳೆಗಳು ಸರಪಳಿಯಂತೆ ಕೂಡಿಕೊಂಡಿವೆ. ಆಕಾರ ನೋಡಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಹೆಸರಿಟ್ಟಿದ್ದಾರೆ. ರಿಕಾಪು ಎಂದರೆ ಕುದುರೆ ಸವಾರ ಕಾಲಿಡುವ ಬಳೆ. ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ ಅದು, ಮೂರು ಮಿಲಿಮೀಟರಿನಷ್ಟು ಮಾತ್ರ. ಸದ್ದು ಬಂದಾಗ ತಮಟೆ ಅದುರುತ್ತದೆ, ಮೂಳೆಗಳು ಆ ಅದುರನ್ನು ಒಳಗಿವಿಗೆ ದಾಟಿಸುತ್ತವೆ, ಅಲ್ಲಿಂದ ನರದ ಮೂಲಕ ಅದು ಮೆದುಳಿಗೆ ಹೋಗುತ್ತದೆ.

ಇಷ್ಟೆಲ್ಲ ಸರಿಯಾಗಿ ನಡೆಯಲು ನಡುಗಿವಿಯಲ್ಲಿ ಗಾಳಿ ಇರಬೇಕು. ಅದೂ ಹೊರಗಿನ ಗಾಳಿಯಷ್ಟೇ ಒತ್ತಡದಲ್ಲಿ ಇರಬೇಕು. ತಮಟೆ ಮುಚ್ಚಿರುವಾಗ ಒಳಗೆ ಗಾಳಿ ಬರುವುದು ಎಲ್ಲಿಂದ? ಮೂಗಿನ ಹಿಂಭಾಗದಿಂದ. ಅಲ್ಲಿಂದ ನಡುಗಿವಿಗೆ ಒಂದು ಸಣ್ಣ ನಾಳ ಇದೆ. ಹದಿನಾರನೇ ಶತಮಾನದಲ್ಲಿ ಅದನ್ನು ವಿವರಿಸಿದ ಇಟಲಿಯ ಬಾರ್ತೊಲೊಮಿಯೊ ಯೂಸ್ಟೇಕಿಯ ಹೆಸರಿನಿಂದ ಅದಕ್ಕೆ ಯೂಸ್ಟೇಶಿಯನ್ ನಾಳ ಎನ್ನುತ್ತಾರೆ. ಅದು ಹೆಚ್ಚಿನ ಹೊತ್ತು ಮುಚ್ಚಿಯೇ ಇರುತ್ತದೆ. ನಾವು ಎಂಜಲು ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆದು ಮುಚ್ಚಿಕೊಳ್ಳುತ್ತದೆ. ಆ ಒಂದು ಕ್ಷಣದಲ್ಲಿ ಗಾಳಿ ಒಳಗೆ ಸೇರುತ್ತದೆ.

ಈ ನಾಳದ ಪರಿಚಯ ನಿಮಗೆಲ್ಲ ಚೆನ್ನಾಗಿಯೇ ಇದೆ. ರಜೆಯಲ್ಲಿ ಮಂಗಳೂರಿಗೋ ಬೆಂಗಳೂರಿಗೋ ಹೊರಟ ವಿಮಾನ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ. ಚಾಕೊಲೇಟ್ ಚೀಪಿದರೆ 'ಟಪ್' ಎಂದು ಬಿಡುತ್ತದೆ. ಅದು ಈ ನಾಳ ತೆರೆದ ಸದ್ದು. ನಮ್ಮ ಮುಹರ್ರಕ್‌ನಿಂದ ಹಿಂದೆ ಮುತ್ತು ತೆಗೆಯಲು ಸಮುದ್ರಕ್ಕೆ ಹೋಗುತ್ತಿದ್ದವರಿಗೂ ಇದೇ ನಾಳದ ಹಂಗು. ಆ ಮುತ್ತಿನ ಕಸುಬಿನ ಕಟ್ಟಡಗಳೂ ಮುತ್ತಿನ ಚಿಪ್ಪಿನ ಕಡಲತಳಗಳೂ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮೂಗಿಗೆ ಕ್ಲಿಪ್ ಸಿಕ್ಕಿಸಿಕೊಂಡು ಅವರು ಮುಳುಗುತ್ತಿದ್ದರು. ಹತ್ತು ಮೀಟರ್ ಆಳಕ್ಕೆ ಹೋದರೆ ಕಿವಿಯ ಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಒಳಗಿನ ಗಾಳಿಯೂ ಅದಕ್ಕೆ ಸರಿದೂಗದಿದ್ದರೆ ತಮಟೆಗೇ ಪೆಟ್ಟು. ಮೇಲೆ ಹಾರುವವರಿಗೂ ಕೆಳಗೆ ಮುಳುಗುವವರಿಗೂ ಬೇಕಾದದ್ದು ಈ ಒಂದು ನಾಳ.

ದೊಡ್ಡವರಲ್ಲಿ ಈ ನಾಳ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದವಿದ್ದು, ಓರೆಯಾಗಿ ಕೆಳಕ್ಕೆ ಇಳಿಯುತ್ತದೆ. ಕೂಸುಗಳಲ್ಲಿ ಉದ್ದ ಅದರ ಅರ್ಧದಷ್ಟು, ಇಳಿಜಾರೂ ಕಡಿಮೆ, ಬಹುತೇಕ ಅಡ್ಡಡ್ಡ. ತೆರೆಯುವ ಸ್ನಾಯುಗಳಿಗೂ ಇನ್ನೂ ಬಲ ಬಂದಿರುವುದಿಲ್ಲ. ಮೂಗಿನ ಹಿಂದೆ ಇರುವ ಅಡಿನಾಯ್ಡ್ ಎಂಬ ಗಡ್ಡೆಯಂಥ ಅಂಗಾಂಶ ಮಕ್ಕಳಲ್ಲಿ ದೊಡ್ಡದಿದ್ದು, ನಾಳದ ಬಾಯಿಯ ಪಕ್ಕದಲ್ಲೇ ಕೂತಿರುತ್ತದೆ. ಒಂದು ನೆಗಡಿ ಬಂದರೆ ಸಾಕು, ನಾಳ ಊದಿಕೊಂಡು ಮುಚ್ಚುತ್ತದೆ.

ಮುಚ್ಚಿದರೆ ಏನಾಗುತ್ತದೆ? ಒಳಗೆ ಸಿಕ್ಕಿಕೊಂಡ ಗಾಳಿಯನ್ನು ನಡುಗಿವಿಯ ಗೋಡೆ ಮೆಲ್ಲಮೆಲ್ಲಗೆ ಹೀರಿಕೊಳ್ಳುತ್ತದೆ. ಹೊಸ ಗಾಳಿ ಬರುವುದಿಲ್ಲ. ಒತ್ತಡ ಕುಸಿಯುತ್ತದೆ. ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಗೋಡೆಯಿಂದ ದ್ರವ ಜಿನುಗಿ ಕೋಣೆ ತುಂಬುತ್ತದೆ. ಮೊದಲು ನೀರಿನಂತೆ ತೆಳ್ಳಗಿದ್ದದ್ದು ದಿನ ಕಳೆದಂತೆ ಗೋಂದಿನಂತಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಗ್ಲೂ ಇಯರ್ ಎನ್ನುತ್ತಾರೆ, ನಾವು ಅಂಟುಗಿವಿ ಎನ್ನೋಣ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. 'ಕಿವಿಯಲ್ಲಿ ನೀರಿದೆ' ಎಂದು ವೈದ್ಯರು ಹೇಳಿದ ಕೂಡಲೇ ನನ್ನ ಅತ್ತೆ, "ನಾನು ಹೇಳಿದೆನಲ್ಲ, ತಲೆಸ್ನಾನ ಮಾಡಿಸುವಾಗ ನೀರು ಹೋಗಿದೆ" ಎಂದರು. ಸ್ನಾನದ ನೀರು ತಮಟೆಯನ್ನು ದಾಟಿ ಒಳಗೆ ಹೋಗುವುದಿಲ್ಲ. ಇದು ಒಳಗೇ ಹುಟ್ಟಿದ ದ್ರವ. ಅದೇ ಕಾರಣಕ್ಕೆ ಹೊರಗಿನಿಂದ ಹಾಕುವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯೂ ಅಲ್ಲಿಗೆ ತಲುಪುವುದಿಲ್ಲ. ಊರಿಂದ ಬಂದ ಆ ಎಣ್ಣೆಯ ಬಾಟಲಿ ನಮ್ಮ ಮನೆಯಲ್ಲೂ ಇತ್ತು. ಅದರ ಹಿಂದಿನ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಬಾಗಿಲು ಮುಚ್ಚಿದ ಮನೆಯ ಹೊರಗೆ ನಿಂತು ಒಳಗಿನ ದೀಪಕ್ಕೆ ಎಣ್ಣೆ ಹೊಯ್ದ ಹಾಗೆ ಅದು.

ಇನ್ನೊಂದು ಮಾತು. ಕಿವಿಯ ಸೋಂಕು ಬಂದರೆ ಮಗು ನೋವಿನಿಂದ ಚೀರುತ್ತದೆ, ಜ್ವರ ಬರುತ್ತದೆ, ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಅಂಟುಗಿವಿ ಹಾಗಲ್ಲ. ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ. ಅದು ಸದ್ದಿಲ್ಲದೆ ಬರುತ್ತದೆ, ಸದ್ದನ್ನೇ ಕದಿಯುತ್ತದೆ. ಕಿವಿಗೆ ಬೆರಳಿಟ್ಟಾಗ ನಿಮಗೆ ಕೇಳಿಸಿತಲ್ಲ, ಹೆಚ್ಚುಕಡಿಮೆ ಅಷ್ಟು. ಲೆಕ್ಕದಲ್ಲಿ ಹೇಳುವುದಾದರೆ ಸರಾಸರಿ 25ರಿಂದ 30 ಡೆಸಿಬೆಲ್ ಕೊರತೆ. ನಾವು ಮಾತಾಡುವ ಸದ್ದು 60 ಡೆಸಿಬೆಲ್ ಎಂದುಕೊಂಡರೆ, ಅದು ಪಿಸುಮಾತಿನ ಮಟ್ಟಕ್ಕೆ ಇಳಿಯುತ್ತದೆ. ವಿಮಾನದ ಸದ್ದಿನಿಂದ 30 ಡೆಸಿಬೆಲ್ ಕಳೆದರೂ ಇನ್ನೂ ಬೇಕಾದಷ್ಟು ಉಳಿಯುತ್ತದೆ. ಅಮ್ಮನ ಮಾತಿನಿಂದ ಕಳೆದರೆ ಪಿಸುಮಾತಷ್ಟೇ ಉಳಿಯುತ್ತದೆ. ನಾನು ತಪ್ಪಿದ ಲೆಕ್ಕ ಇದೇ.

ಕನ್ನಡ ಕಲಿಯುವ ಮಗುವಿಗೆ ಈ ಕೊರತೆ ಇನ್ನೊಂದು ರೀತಿಯಲ್ಲಿ ಕಾಡುತ್ತದೆ. ನಮ್ಮ ಭಾಷೆಯಲ್ಲಿ ಪದದ ತುದಿಯಲ್ಲೇ ಅರ್ಥದ ಅರ್ಧ ಇರುತ್ತದೆ. ಮನೆಗೆ, ಮನೆಯಲ್ಲಿ, ಮನೆಯಿಂದ: ಹೋಗುವುದೋ ಇರುವುದೋ ಬರುವುದೋ ಎಂದು ತಿಳಿಯುವುದು ಆ ಬಾಲದಿಂದ. ಆದರೆ ಮಾತಾಡುವಾಗ ನಾವು ಒತ್ತು ಕೊಡುವುದು ಮೊದಲಿಗೆ, ಬಾಲವನ್ನು ನುಂಗಿಬಿಡುತ್ತೇವೆ. ಬಳೆ ಮತ್ತು ಬಲೆ, ಹುಳಿ ಮತ್ತು ಹುಲಿ, ಇವುಗಳ ವ್ಯತ್ಯಾಸ ಎಷ್ಟು ಸಣ್ಣದು ನೋಡಿ. ನನ್ನ ಮಗ "ಅಜ್ಜಿ ಮನೆ ಹೋಗೋಣ" ಎನ್ನುತ್ತಿದ್ದ, 'ಗೆ' ಎಂಬುದು ಅವನಿಗೆ ಕೇಳಿರಲೇ ಇಲ್ಲ. ನಾನು ಕನ್ನಡ ಓದಿದವಳಾಗಿದ್ದೂ, ಇವನಿಗೆ ವಿಭಕ್ತಿ ಬರುವುದಿಲ್ಲ ಎಂದು ಬೇಸರಪಟ್ಟೆ. ಅದನ್ನು ಕಿವಿಗೆ ತಳುಕು ಹಾಕಿ ಯೋಚಿಸಲಿಲ್ಲ.

ಆ ದಿನಗಳಲ್ಲಿ ಹಿತೈಷಿಗಳೊಬ್ಬರು ಒಂದು ಸಲಹೆ ಕೊಟ್ಟರು. "ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಹೊರಗೆ ಅರಬಿ ಮತ್ತು ಹಿಂದಿ. ಪಾಪ, ಮಗುವಿಗೆ ಗೊಂದಲ. ಸ್ವಲ್ಪ ದಿನ ಕನ್ನಡ ಬಿಟ್ಟುಬಿಡಿ." ನಿಮ್ಮಲ್ಲಿ ಕೆಲವರ ಮನೆಯಲ್ಲೂ ಈ ಮಾತು ಬಂದಿರಬಹುದು, ಕನ್ನಡ ನಿಮ್ಮ ಕೈತಪ್ಪಿದ್ದು ಅಲ್ಲೇ ಇರಬಹುದು. ಎರಡು ಮೂರು ಭಾಷೆ ಕೇಳುವುದರಿಂದ ಮಗುವಿನ ಮಾತು ಕುಂಟುವುದಿಲ್ಲ. ಕುಂಟಿದರೆ ಮೊದಲು ನೋಡಬೇಕಾದದ್ದು ಕಿವಿಯನ್ನು. ಭಾಷೆಯನ್ನು ಬಿಟ್ಟರೆ ಕಿವಿಯ ನೀರು ಇಂಗುವುದಿಲ್ಲ, ಅಜ್ಜ ಅಜ್ಜಿಯ ಜೊತೆಗಿನ ಮಾತು ಮಾತ್ರ ಇಂಗುತ್ತದೆ. ನಮ್ಮ ವೈದ್ಯರು ಇದನ್ನೇ ಹೇಳಿದರು: ಮನೆಯ ಭಾಷೆ ಬಿಡಬೇಡಿ, ಹತ್ತಿರ ಬಂದು ಮಾತಾಡಿ.

ಪರೀಕ್ಷೆಗೆ ಬರೋಣ. ವೈದ್ಯರು ದೀಪವಿರುವ ಆಟೋಸ್ಕೋಪಿನಿಂದ ತಮಟೆಯನ್ನು ನೋಡುತ್ತಾರೆ. ಆಮೇಲೆ ಟಿಂಪನೊಮೆಟ್ರಿ ಎಂಬ ಪರೀಕ್ಷೆ. ಕಿವಿಗೆ ಒಂದು ಮೆದು ತುದಿ ಇಟ್ಟು, ಗಾಳಿಯ ಒತ್ತಡವನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ತಮಟೆ ಸರಾಗವಾಗಿ ಅಲುಗಿದರೆ ಕಾಗದದ ಮೇಲೆ ಗುಡ್ಡದಂತೆ ಗೆರೆ ಏರಿ ಇಳಿಯುತ್ತದೆ. ಹಿಂದೆ ದ್ರವ ತುಂಬಿದ್ದರೆ ತಮಟೆ ಅಲುಗುವುದಿಲ್ಲ, ಗೆರೆ ಬಯಲಿನಂತೆ ಚಪ್ಪಟೆ. ಒಂದು ನಿಮಿಷದ ಕೆಲಸ, ನೋವಿಲ್ಲ. ಇದರ ಜೊತೆಗೆ ಎಷ್ಟು ಕೇಳುತ್ತದೆ ಎಂದು ಅಳೆಯುವ ಶ್ರವಣ ಪರೀಕ್ಷೆಯೂ ಆಗಬೇಕು. ನನ್ನ ಮಗನ ಎರಡೂ ಕಿವಿಗಳ ಗೆರೆ ಬಯಲುಸೀಮೆಯಾಗಿತ್ತು. ಆ ಕಾಗದ ನೋಡುತ್ತಾ ನನಗೆ ನೆನಪಾದದ್ದು ಅವನ ಕೆಂಪಾದ ಕಿವಿ.

ಕೂಡಲೇ ಆಪರೇಷನ್ ಎಂದುಕೊಂಡೆವು. ವೈದ್ಯರು, "ಮೂರು ತಿಂಗಳು ಕಾಯೋಣ" ಎಂದರು. ನಮಗೆ ಗಾಬರಿ. ಆದರೆ ಇದೇ ಸರಿಯಾದ ಪದ್ಧತಿ. ಶಾಲೆ ಸೇರುವ ಮೊದಲು ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಒಮ್ಮೆಯಾದರೂ ನಡುಗಿವಿಯಲ್ಲಿ ದ್ರವ ಸೇರುತ್ತದೆ. ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ. ಈ ದ್ರವವನ್ನು ಕರಗಿಸುವ ಸಿರಪ್ಪೂ ಇಲ್ಲ, ಮಾತ್ರೆಯೂ ಇಲ್ಲ. ಆಂಟಿಬಯೋಟಿಕ್, ಅಲರ್ಜಿ ಮಾತ್ರೆ, ಮೂಗು ಕಟ್ಟಿದ್ದಕ್ಕೆ ಕೊಡುವ ಔಷಧಿ, ಸ್ಟೀರಾಯ್ಡ್, ಇವು ಯಾವುವೂ ಅಂಟುಗಿವಿಗೆ ಪ್ರಯೋಜನವಿಲ್ಲ ಎಂದು ವೈದ್ಯರ ಮಾರ್ಗಸೂಚಿಗಳೇ ಹೇಳುತ್ತವೆ. ಕೆಲವು ಮಕ್ಕಳಿಗೆ ಮೂಗಿನಿಂದ ಬಲೂನು ಊದಿಸುವ ಅಭ್ಯಾಸ ಮಾಡಿಸುತ್ತಾರೆ, ಅದರಿಂದ ನಾಳ ತೆರೆಯುವುದುಂಟು. ಮನೆಯಲ್ಲಿ ಯಾರೂ ಸಿಗರೇಟು ಸೇದದಿರುವುದು, ಕೂಸಿಗೆ ಎದೆಹಾಲು ಕೊಡುವುದು ಮೊದಲೇ ಅಪಾಯವನ್ನು ತಗ್ಗಿಸುತ್ತವೆ.

ಕಾಯಲಾಗದ ಮಕ್ಕಳೂ ಇದ್ದಾರೆ. ಸೀಳು ಅಂಗುಳ ಇರುವ ಮಕ್ಕಳಲ್ಲಿ ನಾಳವನ್ನು ತೆರೆಯುವ ಸ್ನಾಯುವೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಅಂಟುಗಿವಿ ಹೆಚ್ಚು. ಮಾತು ಕಲಿಯಲು ಮೊದಲೇ ಕಷ್ಟ ಇರುವವರು, ಕಣ್ಣು ಮಂದ ಇರುವವರು ಕಿವಿಯನ್ನೇ ನೆಚ್ಚಿಕೊಂಡಿರುತ್ತಾರೆ. ಇಂಥವರ ವಿಷಯದಲ್ಲಿ ವೈದ್ಯರು ಬೇಗನೆ ನಿರ್ಧಾರ ತೆಗೆದುಕೊಳ್ಳುತ್ತಾರೆ. ಉಳಿದ ಆರೋಗ್ಯವಂತ ಮಕ್ಕಳ ಬಗ್ಗೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜ್ಯಾಕ್ ಪ್ಯಾರಡೈಸ್ ಮತ್ತು ಸಂಗಡಿಗರು ಒಂದು ದೊಡ್ಡ ಅಧ್ಯಯನ ಮಾಡಿದರು. ಎಳೆಯ ಮಕ್ಕಳಲ್ಲಿ ಕೆಲವರಿಗೆ ಕೂಡಲೇ ಕೊಳವೆ ಹಾಕಿ, ಕೆಲವರಿಗೆ ಕೆಲವು ತಿಂಗಳು ಕಾದು, ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. 2001ರಿಂದ 2007ರವರೆಗೆ ಪ್ರಕಟವಾದ ವರದಿಗಳಲ್ಲಿ ಮಾತಿನಲ್ಲಾಗಲಿ ಕಲಿಕೆಯಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಸ್ವಲ್ಪ ಕಾದದ್ದರಿಂದ ಮಗುವಿನ ಬಾಳು ಹಾಳಾಯಿತು ಎಂದು ಯಾರೂ ಕೊರಗಬೇಕಿಲ್ಲ. ಆದರೆ ಕಾಯುವುದೆಂದರೆ ಮರೆತುಬಿಡುವುದಲ್ಲ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಆಗಲೇಬೇಕು.

ನಮ್ಮ ಮೂರು ತಿಂಗಳು ಮುಗಿದಾಗಲೂ ಗೆರೆ ಚಪ್ಪಟೆಯಾಗಿಯೇ ಇತ್ತು, ಶ್ರವಣ ಪರೀಕ್ಷೆಯಲ್ಲೂ ಕೊರತೆ ಕಂಡಿತು. ಆಗ ವೈದ್ಯರು ಗ್ರೋಮೆಟ್ ಎಂದರು. ಗ್ರೋಮೆಟ್ ಎಂದರೆ ಏನು? ರಾಜ್ಯೋತ್ಸವಕ್ಕೆ ನಾವು ಬ್ಯಾನರ್ ಕಟ್ಟುತ್ತೇವಲ್ಲ, ಅದರ ಮೂಲೆಗಳಲ್ಲಿ ಹಗ್ಗ ಪೋಣಿಸಲು ಲೋಹದ ಉಂಗುರ ಇರುತ್ತದೆ. ಅದೇ ಗ್ರೋಮೆಟ್. ತೂತು ಹರಿಯದಂತೆ, ಮುಚ್ಚದಂತೆ ಹಿಡಿದಿಡುವ ಉಂಗುರ. ಕಿವಿಯದ್ದು ಪ್ಲಾಸ್ಟಿಕ್ಕಿನದೋ ಸಿಲಿಕೋನಿನದೋ ಟೈಟಾನಿಯಮ್ಮಿನದೋ ಇರುತ್ತದೆ. ಒಳಗಿನ ತೂತು ಸುಮಾರು ಒಂದು ಮಿಲಿಮೀಟರ್, ಅಂದರೆ ಸಾಸಿವೆ ಕಾಳಿಗಿಂತಲೂ ಕಿರಿದು.

ಇದರ ಹಿಂದಿನ ಕತೆ ಸ್ವಾರಸ್ಯವಾಗಿದೆ. 1801ರಲ್ಲಿ ಲಂಡನ್ನಿನ ಆಸ್ಟ್‌ಲಿ ಕೂಪರ್ ಎಂಬ ಸರ್ಜನ್, ಕಿವಿತಮಟೆಗೆ ತೂತು ಮಾಡಿದರೆ ಕೆಲವರಿಗೆ ಕೂಡಲೇ ಕೇಳಿಸುತ್ತದೆ ಎಂದು ಬರೆದ. ಅದಕ್ಕಾಗಿ ರಾಯಲ್ ಸೊಸೈಟಿಯ ಕಾಪ್ಲೆ ಪದಕವೂ ಬಂತು. ಆದರೆ ತಮಟೆ ಜೀವಂತ ಚರ್ಮ, ತೂತು ಕೆಲವೇ ದಿನಗಳಲ್ಲಿ ಮಾಯುತ್ತಿತ್ತು. ಮತ್ತೆ ಕಿವುಡು. 1860ರ ದಶಕದಲ್ಲಿ ವಿಯೆನ್ನಾದ ಆಡಮ್ ಪೊಲಿಟ್ಜರ್ ಗಟ್ಟಿ ರಬ್ಬರಿನ ಪುಟ್ಟ ಉಂಗುರ ಇಟ್ಟು ನೋಡಿದ. ಅದು ಹೆಚ್ಚು ದಿನ ನಿಲ್ಲಲಿಲ್ಲ, ಕಾಲಕ್ರಮದಲ್ಲಿ ಆ ದಾರಿ ಮರೆತೇ ಹೋಯಿತು. 1954ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯ ಪ್ಲಾಸ್ಟಿಕ್ ಕೊಳವೆ ಬಳಸಿ ಮತ್ತೆ ಬರೆದ ಮೇಲೆ ಅದು ಲೋಕದ ತುಂಬ ಹರಡಿತು. ಇವತ್ತು ಮಕ್ಕಳಿಗೆ ಅತಿ ಹೆಚ್ಚಾಗಿ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಇದೂ ಒಂದು.

ಈ ಕೊಳವೆಯಿಂದ ನೀರು ಹೊರಗೆ ಹರಿಯುತ್ತದೆ ಎಂದು ನಾನು ತಿಳಿದಿದ್ದೆ. ಅದಲ್ಲ ಅದರ ಮುಖ್ಯ ಕೆಲಸ. ನಮ್ಮ ಅಮ್ಮ ಊರಲ್ಲಿ ಎಣ್ಣೆ ಡಬ್ಬ ತೆರೆಯುವಾಗ ಮೊಳೆಯಿಂದ ಎರಡು ತೂತು ಮಾಡುತ್ತಿದ್ದರು. ಒಂದೇ ತೂತು ಮಾಡಿದರೆ ಎಣ್ಣೆ ಗುಳುಗುಳು ಎಂದು ತಡವರಿಸಿ ನಿಲ್ಲುತ್ತದೆ. ಎದುರು ಬದಿಯಲ್ಲಿ ಇನ್ನೊಂದು ತೂತು ಮಾಡಿದರೆ ಅಲ್ಲಿಂದ ಗಾಳಿ ಒಳಗೆ ಹೋಗಿ, ಎಣ್ಣೆ ಧಾರೆಯಾಗಿ ಇಳಿಯುತ್ತದೆ. ಗ್ರೋಮೆಟ್ ಆ ಎರಡನೇ ತೂತು. ಮೂಗಿನ ಕಡೆಯ ನಾಳ ಮಾಡಲಾಗದ ಕೆಲಸವನ್ನು ಸ್ವಲ್ಪ ಕಾಲ ಇದು ಮಾಡುತ್ತದೆ: ಗಾಳಿಯನ್ನು ಒಳಗೆ ಬಿಡುತ್ತದೆ. ಒತ್ತಡ ಸರಿಯಾದರೆ ದ್ರವ ಮತ್ತೆ ಜಿನುಗುವುದು ನಿಲ್ಲುತ್ತದೆ, ನಡುಗಿವಿಯ ಗೋಡೆ ಚೇತರಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮಗು ಬೆಳೆಯುತ್ತದೆ, ಅದರ ನಾಳವೂ ಬೆಳೆಯುತ್ತದೆ.

ಆಪರೇಷನ್ ಎಂದರೆ ಹೆದರುವಂಥದ್ದೇನಲ್ಲ. ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕಿವಿಯ ರಂಧ್ರದ ಮೂಲಕವೇ ತಮಟೆಯಲ್ಲಿ ಸಣ್ಣ ಸೀಳು ಮಾಡಿ, ಒಳಗಿನ ಅಂಟನ್ನು ಹೀರಿ ತೆಗೆದು, ಕೊಳವೆಯನ್ನು ಸಿಕ್ಕಿಸುತ್ತಾರೆ. ಎರಡೂ ಕಿವಿಗೆ ಸೇರಿ ಸುಮಾರು ಕಾಲು ಗಂಟೆ. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ, ಪಟ್ಟಿಯಿಲ್ಲ. ಸಾಮಾನ್ಯವಾಗಿ ಅದೇ ದಿನ ಮನೆಗೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಅಡಿನಾಯ್ಡನ್ನೂ ಜೊತೆಗೆ ತೆಗೆಯುವುದುಂಟು, ಅದರಿಂದ ಮತ್ತೆ ದ್ರವ ಸೇರುವುದು ಕಡಿಮೆಯಾಗುತ್ತದೆ. ನನ್ನ ಮಗನಿಗೂ ತೆಗೆದರು.

ಮನೆಗೆ ಬಂದು ಮಲಗಿದ ಮಗು ಸಂಜೆ ಎದ್ದು ಗೋಡೆ ನೋಡುತ್ತಾ ಕೂತಿತ್ತು. "ಅಮ್ಮ, ಅದು ಏನು ಹೇಳ್ತಾ ಇದೆ?" ಎಂದ. ನಾನು ತಿರುಗಿ ನೋಡಿದೆ, ಗೋಡೆಯ ಮೇಲಿದ್ದದ್ದು ಎಸಿ. ಅವನು ಹುಟ್ಟಿದಾಗಿನಿಂದ ಅಲ್ಲೇ ಗೊಣಗುತ್ತಿದ್ದ ಎಸಿ. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಕೊಳವೆಯನ್ನು ಮತ್ತೆ ತೆಗೆಯುವುದು ಹೇಗೆ? ಹೆಚ್ಚಿನವರಿಗೆ ತೆಗೆಯಬೇಕಾಗಿಯೇ ಇಲ್ಲ. ತಮಟೆಯ ಚರ್ಮ ನಿಧಾನವಾಗಿ ಹೊರಕ್ಕೆ ಬೆಳೆಯುತ್ತಾ ಕೊಳವೆಯನ್ನು ತಾನೇ ತಳ್ಳಿಬಿಡುತ್ತದೆ. ಸಾಮಾನ್ಯ ಕೊಳವೆ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಬಿದ್ದುಹೋಗಿ, ತೂತು ಮುಚ್ಚಿಕೊಳ್ಳುತ್ತದೆ. ನೂರರಲ್ಲಿ ಒಂದಿಬ್ಬರಿಗೆ ಮುಚ್ಚದೆ ಉಳಿಯಬಹುದು, ಆಗ ಬೇರೆ ಚಿಕಿತ್ಸೆ ಬೇಕಾಗುತ್ತದೆ. ಕೆಲವರ ತಮಟೆಯ ಮೇಲೆ ಬಿಳಿಯ ಕಲೆ ಉಳಿಯುತ್ತದೆ, ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ಕೆಲವರಿಗೆ ದ್ರವ ಮತ್ತೆ ತುಂಬಿ ಎರಡನೇ ಸಲ ಕೊಳವೆ ಹಾಕಬೇಕಾಗುತ್ತದೆ.

ಕೊಳವೆ ಇರುವಾಗ ಸುಮಾರು ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಕಿವಿ ಸೋರುತ್ತದೆ. ಅದಕ್ಕೆ ವೈದ್ಯರು ಕೊಡುವ ಕಿವಿಯ ಹನಿಗಳು ಸಾಕಾಗುತ್ತವೆ. ಇಲ್ಲೇ ಒಂದು ಎಚ್ಚರ. ಕೊಳವೆ ಇರುವ ಕಿವಿಗೆ ಎಣ್ಣೆ ಹಾಕಲೇಬಾರದು, ಈಗ ಬಾಗಿಲು ತೆರೆದಿದೆ, ಎಣ್ಣೆ ಒಳಗೇ ಹೋಗುತ್ತದೆ. ಮನೆಯಲ್ಲಿ ಉಳಿದ ಹಳೆಯ ಡ್ರಾಪ್ಸನ್ನೂ ಹಾಕಬಾರದು, ಕೆಲವು ಔಷಧಿಗಳು ಒಳಗಿವಿಗೆ ಹಾನಿ ಮಾಡಬಲ್ಲವು. ಈಜಬಹುದೇ? ನಮ್ಮ ಬುಸೈತೀನ್ ಕಡಲ ದಂಡೆಯ ಮಕ್ಕಳಿಗೆಲ್ಲ ಇದೇ ಪ್ರಶ್ನೆ. ನೀರಿನ ಮೇಲ್ಮೈಯಲ್ಲಿ ಈಜಲು ಹೆಚ್ಚಿನ ಮಕ್ಕಳಿಗೆ ಇಯರ್ ಪ್ಲಗ್ ಕೂಡ ಬೇಡ ಎಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಆಳಕ್ಕೆ ಮುಳುಗುವುದು ಬೇಡ. ಸೋಪಿನ ನೀರು ಸಣ್ಣ ತೂತಿನಲ್ಲೂ ಸುಲಭವಾಗಿ ನುಸುಳುತ್ತದೆ, ಅದರ ಬಗ್ಗೆ ನಿಮ್ಮ ವೈದ್ಯರನ್ನೇ ಕೇಳಿ. ವಿಮಾನ ಪ್ರಯಾಣವಂತೂ ಇನ್ನೂ ಸುಲಭ. ಒತ್ತಡ ಕೊಳವೆಯಲ್ಲೇ ಸರಿಹೋಗುವುದರಿಂದ ಕಿವಿ ಕಟ್ಟುವುದಿಲ್ಲ. ಆ ವರ್ಷ ಊರಿಗೆ ಇಳಿಯುವಾಗ ನಾವೆಲ್ಲ ಕಿವಿ ಹಿಡಿದುಕೊಂಡಿದ್ದೆವು, ಅವನೊಬ್ಬ ಕಿಟಕಿಯಲ್ಲಿ ತೆಂಗಿನ ಮರ ಎಣಿಸುತ್ತಿದ್ದ.

ಇದನ್ನೆಲ್ಲ ಅಪ್ಪ ಅಮ್ಮಂದಿರಿಗೆ ಹೇಳುವುದು ಬಿಟ್ಟು ನಿಮಗೆ ಯಾಕೆ ಹೇಳುತ್ತಿದ್ದೇನೆ? ಎರಡು ಕಾರಣ. ಮೊದಲನೆಯದು, ಮನೆಯ ಪುಟ್ಟ ತಮ್ಮ ತಂಗಿಯರ ಜೊತೆ ಟಿವಿಯ ಮುಂದೆ ಕೂರುವವರು ನೀವು. ವಾಲ್ಯೂಮ್ ಏರುತ್ತಿರುವುದು, ಮಗು ಬಾಯಿ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಿರುವುದು, ಹಿಂದಿನಿಂದ ಕರೆದರೆ ತಿರುಗದಿರುವುದು ನಿಮ್ಮ ಕಣ್ಣಿಗೇ ಮೊದಲು ಬೀಳುತ್ತದೆ. ಆಗ "ಇವನಿಗೆ ಸೊಕ್ಕು" ಎನ್ನಬೇಡಿ, "ಇವನ ಕಿವಿ ತೋರಿಸೋಣ" ಎನ್ನಿ.

ಎರಡನೆಯದು, ಆಸ್ಪತ್ರೆಯಲ್ಲಿ ಅಮ್ಮನಿಗೂ ವೈದ್ಯರಿಗೂ ನಡುವೆ ಮಾತು ದಾಟಿಸುವವರು ಎಷ್ಟೋ ಮನೆಗಳಲ್ಲಿ ನೀವೇ. ನಮ್ಮ ಬುಸೈತೀನ್‌ನಲ್ಲೇ ಕಿಂಗ್ ಹಮದ್ ವಿಶ್ವವಿದ್ಯಾಲಯ ಆಸ್ಪತ್ರೆಯೂ ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ವೈದ್ಯಕೀಯ ವಿಶ್ವವಿದ್ಯಾಲಯವೂ ಇವೆ. ಅಲ್ಲಿಯ ಕಾರಿಡಾರಿನಲ್ಲಿ ಒಂದು ಬೆಳಿಗ್ಗೆ ಕೂತರೆ ಎಷ್ಟು ಭಾಷೆ ಕೇಳುತ್ತವೋ! ಜೊತೆಗೆ ಹೋದರೆ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ದ್ರವ ಒಂದೇ ಕಿವಿಯಲ್ಲೋ ಎರಡರಲ್ಲೋ? ಎಷ್ಟು ದಿನದಿಂದ ಇದೆ? ಶ್ರವಣ ಪರೀಕ್ಷೆಯಲ್ಲಿ ಎಷ್ಟು ಡೆಸಿಬೆಲ್ ಬಂತು? ಇನ್ನೂ ಕಾದರೆ ಏನು, ಕಾಯದಿದ್ದರೆ ಏನು? ಅಡಿನಾಯ್ಡ್ ದೊಡ್ಡದಿದೆಯೇ? ಮುಂದಿನ ಪರೀಕ್ಷೆ ಯಾವಾಗ? ಆಪರೇಷನ್ನಿಗೆ ಒಪ್ಪಿಗೆ ಬರೆಯುವ ಹೊತ್ತಿಗೆ ಮಾತ್ರ ಆ ಭಾರ ನೀವು ಹೊರಬೇಡಿ. ಆಸ್ಪತ್ರೆಯ ದುಭಾಷಿಗಳನ್ನೋ ಭಾಷೆ ಬಲ್ಲ ಹಿರಿಯರನ್ನೋ ಕೇಳಿ. ರಜೆಯಲ್ಲಿ ಊರಿಗೆ ಹೋದಾಗ ತೋರಿಸುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಕಿವಿ ಮತ್ತು ಮಾತಿನ ಕೆಲಸವನ್ನೇ ಮಾಡುತ್ತಾ ಬಂದಿರುವ ಸಂಸ್ಥೆ ಅದು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ದೊಡ್ಡವರ ಬಗ್ಗೆ ಒಂದೇ ಮಾತು. ನಿಮ್ಮ ಅಪ್ಪನಿಗೋ ಚಿಕ್ಕಪ್ಪನಿಗೋ ಒಂದೇ ಕಿವಿಯಲ್ಲಿ ದ್ರವ ತುಂಬಿ, ವಾರಗಳಾದರೂ ಹೋಗದಿದ್ದರೆ ಸುಮ್ಮನಿರಬೇಡಿ. ಅಪರೂಪಕ್ಕೆ ಮೂಗಿನ ಹಿಂದಿನ ಗಡ್ಡೆ ನಾಳವನ್ನು ಒತ್ತಿ ಹೀಗಾಗುತ್ತದೆ. ಕಿವಿ ಮೂಗು ಗಂಟಲು ವೈದ್ಯರು ಅಲ್ಲಿ ಕ್ಯಾಮೆರಾ ಹಾಕಿ ನೋಡಬೇಕು.

ಮಗುವಿನ ಕಿವಿ ಸರಿಯಾಗುವವರೆಗೆ ಏನು ಮಾಡಬೇಕು? ಇನ್ನೊಂದು ಕೋಣೆಯಿಂದ ಕೂಗಬೇಡಿ, ಹತ್ತಿರ ಹೋಗಿ. ಮುಖ ಕಾಣುವಂತೆ ಕೂತು, ಟಿವಿ ಆರಿಸಿ ಮಾತಾಡಿ. ಪದದ ಬಾಲ ನುಂಗಬೇಡಿ. ಶಾಲೆಯಲ್ಲಿ ಮುಂದಿನ ಬೆಂಚು ಕೊಡಿಸಿ. ಕನ್ನಡದಲ್ಲೇ ಕತೆ ಓದಿ ಹೇಳಿ. ಇದಕ್ಕೆ ದುಡ್ಡು ಬೇಕಾಗಿಲ್ಲ, ಅಪಾಯಿಂಟ್‌ಮೆಂಟ್ ಬೇಕಾಗಿಲ್ಲ.

ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಒಂದೇ ಪದಕ್ಕೆ ಕಿವಿಗೊಡು ಎಂದೂ ಅರ್ಥ, ಪ್ರಶ್ನಿಸು ಎಂದೂ ಅರ್ಥ. ಮಾತು ಕೇಳದ ಮಗ ಎಂದು ನಾನು ಬೈಯುತ್ತಿದ್ದೆ. ಯಾಕೆ ಕೇಳುವುದಿಲ್ಲ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನೀವು ಕೇಳಿ.